ಪಿಗ್ಮಿ ಕಟ್ಟಿದ ಹಾಗೆ ಕೆರಿಯರ್ ಕಟ್ಟುವುದು ಹೇಗೆ

ಸಂಜೆ ಆರೂವರೆ ಆಯಿತೆಂದರೆ ಉಡುಪಿಯಲ್ಲಿದ್ದ ಅಪ್ಪನ ಅಂಗಡಿಗೆ ಪಿಗ್ಮಿಯವರು, ಅಂದರೆ ದಿನಾ ಸಣ್ಣ ಉಳಿತಾಯದ ದುಡ್ಡು ಸಂಗ್ರಹಿಸಿ ಬ್ಯಾಂಕಿಗೆ ಕಟ್ಟುವವರು, ಬರುತ್ತಿದ್ದರು. ಕಂಕುಳಲ್ಲಿ ಕಪ್ಪು ಚೀಲ, ಜೇಬಿನಲ್ಲಿ ಎರಡು ಪೆನ್ನು. ಗಿರಾಕಿ ಎಷ್ಟೇ ಇರಲಿ, ಅಪ್ಪ ಗಲ್ಲಾಪೆಟ್ಟಿಗೆಯಿಂದ ಇಪ್ಪತ್ತು ರೂಪಾಯಿ ತೆಗೆದು ಮಾತಿಲ್ಲದೆ ಮುಂದಿಡುತ್ತಿದ್ದರು, ಅವರು ರಶೀದಿ ಹರಿದು ಕೊಟ್ಟು ಪಕ್ಕದ ಬಟ್ಟೆ ಅಂಗಡಿಗೆ ಹೋಗುತ್ತಿದ್ದರು. ಜುಲೈ ಮಳೆಗೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದ ದಿನವೂ ಆ ಇಪ್ಪತ್ತು ರೂಪಾಯಿ ತಪ್ಪುತ್ತಿರಲಿಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅದೇ ದುಡ್ಡಿನಲ್ಲಿ.

ನಾನೀಗ ಮಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಹೊಸಬರನ್ನು ಇಂಟರ್‌ವ್ಯೂ ಮಾಡುವುದೂ ನನ್ನ ಕೆಲಸದಲ್ಲೇ ಸೇರಿದೆ. ಡಿಗ್ರಿ ಮುಗಿಸಿ ಬರುವ ಮಕ್ಕಳು ದೊಡ್ಡ ಉದ್ಯಮಿಗಳ ವಿಡಿಯೋ ತುಂಬಾ ನೋಡಿರುತ್ತಾರೆ. ಯಾರು ಎಷ್ಟು ಗಂಟೆಗೆ ಏಳುತ್ತಾರೆ, ಏನು ತಿನ್ನುತ್ತಾರೆ, ಎಲ್ಲ ಬಾಯಿಪಾಠ. ನೋಡಿ ಮಾರಾಯ್ರೆ, ಗೆದ್ದ ಮೇಲೆ ಅವರು ಏನು ಮಾಡುತ್ತಾರೆ ಅನ್ನುವುದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಅವರ ಹೆಸರು ಯಾರಿಗೂ ಗೊತ್ತಿಲ್ಲದಿದ್ದಾಗ ಏನು ಮಾಡುತ್ತಿದ್ದರು ಅಂತ ನೋಡಿ. ಅದರಲ್ಲಿ ಒಂದನ್ನು ಹಿಡಿದುಕೊಂಡು ನಿಮ್ಮ ಅಳತೆಗೆ ಇಳಿಸಿ, ದಿನಾ ಮಾಡಿ.

ಪಿಗ್ಮಿಯಿಂದಲೇ ಶುರು ಮಾಡೋಣ, ಅದು ಹುಟ್ಟಿದ್ದು ನಮ್ಮಲ್ಲೇ ಅಲ್ವಾ. 1925ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ 8,000 ರೂಪಾಯಿ ಬಂಡವಾಳ ಹಾಕಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಆ ಕಾಲದಲ್ಲಿ ಬಡವರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಾಗಾಗಿ 1928ರಲ್ಲಿ ಬ್ಯಾಂಕೇ ಅವರ ಮನೆ ಬಾಗಿಲಿಗೆ ಹೊರಟಿತು, ದಿನಕ್ಕೆ ಬರೀ ಎರಡು ಆಣೆ ಕೊಟ್ಟರೂ ಸಾಕು ಅಂತ. ಅದೇ ಪಿಗ್ಮಿ. ಎರಡು ಆಣೆ ಯಾರಿಗೂ ಭಾರ ಅಲ್ಲ, ಆದರೆ ದಿನಾ ಬಂದು ಕೇಳುವವರು ಇದ್ದಾರಲ್ಲ, ಗಟ್ಟಿ ಇರುವುದು ಅಲ್ಲಿ. ಉಡುಪಿಯಲ್ಲೇ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ ಕಾರ್ಪೊರೇಷನ್ ಬ್ಯಾಂಕಿಗೆ ಮೊದಲ ದಿನ ಬಂದ ಹಣ 38 ರೂಪಾಯಿ 13 ಆಣೆ 2 ಪೈ (ಹನ್ನೆರಡು ಪೈಗೆ ಒಂದು ಆಣೆ). ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರೆ! ನನಗೆ ಆ ಎರಡು ಪೈ ಬಹಳ ಇಷ್ಟ.

ಇದನ್ನು ಕೆಲಸಕ್ಕೆ ಹೇಗೆ ಹೊಂದಿಸುವುದು? ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಆಫೀಸಿನಿಂದ ಹೊರಡುವ ಮೊದಲು ಒಂದು ಸಾಲು ಬರೆಯಿರಿ: ಇವತ್ತು ಏನು ಮಾಡಿದೆ, ಅದರಿಂದ ಯಾರಿಗೆ ಏನು ಉಳಿಯಿತು. "ಮೀಟಿಂಗ್ ಇತ್ತು" ಅಂತ ಬರೆದರೆ ಲೆಕ್ಕಕ್ಕಿಲ್ಲ. ನನ್ನ ಹಳೇ ಪುಸ್ತಕದ ಒಂದು ಸಾಲು ಹೀಗಿದೆ: "ಸ್ಟಾಕ್ ಶೀಟಿನಲ್ಲಿ ಒಂದೇ ಬಿಲ್ಲು ಎರಡು ಸಲ ಎಂಟ್ರಿ ಆಗುತ್ತಿತ್ತು, ಹಿಡಿದೆ. ಗೋಡೌನಿನವರಿಗೆ ವಾರಕ್ಕೆ ಮೂರು ಗಂಟೆ ಉಳಿಯಿತು." ಎರಡು ನಿಮಿಷದ ಕೆಲಸ. ಶನಿವಾರ ಇಡೀ ವಾರದ್ದು ಒಮ್ಮೆ ಓದಿ. ಬರೆಯಲು ಏನೂ ಸಿಗದ ದಿನ ಖಾಲಿ ಬಿಡಬೇಡಿ, ಅವತ್ತು ಕಲಿತ ಒಂದು ಸಣ್ಣ ವಿಷಯವನ್ನಾದರೂ ಬರೆಯಿರಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಕಂಪನಿಯಲ್ಲಿ ಎರಡು ವರ್ಷ ಬೆನ್ನು ಮುರಿದು ದುಡಿದು, ಸಂಬಳ ಜಾಸ್ತಿ ಮಾಡಿ ಅಂತ ಕೇಳಲು ಹೋದೆ. "ಏನು ಮಾಡಿದ್ದೀಯ ಹೇಳು" ಅಂದರು. ಬಾಯಿಗೆ ಬಂದದ್ದು ಒಂದೇ ಮಾತು, "ಎಲ್ಲ ಕೆಲಸ ಮಾಡಿದ್ದೇನೆ ಸಾರ್". ಮುನ್ನೂರು ರೂಪಾಯಿ ಹೆಚ್ಚಿಸಿ ಕಳಿಸಿದರು. ಆ ಸಂಜೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ, ಮಾಡಿದ ಕೆಲಸಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ಪುಸ್ತಕ ಶುರು ಮಾಡಿದ್ದು ಮರುದಿನದಿಂದ.

ಮುಂದಿನದು ಐಸ್‌ಕ್ರೀಮಿನ ಕಥೆ. ಮುಲ್ಕಿ ಕಡೆಯ ಹಳ್ಳಿಯಲ್ಲಿ ಹಣ್ಣಿನ ವ್ಯಾಪಾರಿಯ ಮಗನಾಗಿ ಹುಟ್ಟಿದ ರಘುನಂದನ ಕಾಮತರು ಹುಡುಗನಾಗಿದ್ದಾಗಲೇ ಮುಂಬೈಗೆ ಹೋದವರು. ಅಣ್ಣನ ಹೋಟೆಲಿನಲ್ಲಿ ದುಡಿದು, 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ನ್ಯಾಚುರಲ್ಸ್ ಅಂಗಡಿ ತೆರೆದರು. ಅಲ್ಲಿ ಮೊದಲು ಐಸ್‌ಕ್ರೀಮಿನ ಜೊತೆ ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಖಾರ ತಿಂದವರು ತಂಪು ಕೇಳಿಯೇ ಕೇಳುತ್ತಾರಲ್ಲ! ಹೆಸರು ಬಂದ ಮೇಲೆ ಪಾವ್‌ಭಾಜಿ ಬಿಟ್ಟರು. ಸೀತಾಫಲ, ಹಲಸು, ಬೊಂಡ (ಎಳನೀರು) ಎಲ್ಲ ಐಸ್‌ಕ್ರೀಮ್ ಆಯಿತು. ಹಣ್ಣು ಯಾವಾಗ ಪಕ್ವ ಅಂತ ಕೈಯಲ್ಲಿ ಮುಟ್ಟಿಯೇ ಗೊತ್ತಾಗುವ ಮನೆಯಿಂದ ಬಂದವರಿಗೆ ಆ ದಾರಿ ಕಾಣಿಸಿತು ಅಂತ ನನ್ನ ನಂಬಿಕೆ.

ಇಲ್ಲಿ ಮಾಡಬಹುದಾದ್ದು ಎರಡು. ಇಷ್ಟದ ಕೆಲಸಕ್ಕೆ ಇನ್ನೂ ದುಡ್ಡು ಬರುತ್ತಿಲ್ಲ ಅಂತಾದರೆ, ಅದರ ಪಕ್ಕದಲ್ಲೇ ಒಂದು ಪಾವ್‌ಭಾಜಿ ಇಟ್ಟುಕೊಳ್ಳಿ. ಡಿಸೈನ್ ಮಾಡುವ ಆಸೆ ಇದ್ದವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾಗದ ಮಾಡುತ್ತಾ ಕೈ ಪಳಗಿಸಿಕೊಳ್ಳಬಹುದು, ತಪ್ಪೇನಿಲ್ಲ. ಎರಡನೆಯದು, ಯಾವ ಕಂಪನಿಗೆ ಸೇರಿದರೂ ಮೊದಲ ಆರು ತಿಂಗಳೊಳಗೆ ಅಲ್ಲಿಯ ಹಣ್ಣನ್ನು ಕೈಯಲ್ಲಿ ಮುಟ್ಟಿ ನೋಡಿ. ಅಕೌಂಟ್ಸ್‌ನವರು ಒಂದು ದಿನ ಗೋಡೌನಿಗೆ ಹೋಗಿ ನಿಲ್ಲಿ. ಸಾಫ್ಟ್‌ವೇರಿನವರು ಗಿರಾಕಿ ಬೈಯುವ ಫೋನ್ ಕಾಲಿನಲ್ಲಿ ಸುಮ್ನೆ ಕೂತು ಕೇಳಿ.

ಇನ್ನು ಕೆಲಸ ಸಿಗದವರಿಗೆ, ಇದ್ದ ಕೆಲಸ ಹೋದವರಿಗೆ ಒಂದು ಮಾತು. ಕಿರಣ್ ಮಜುಂದಾರ್ ಷಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಸುವ ವಿದ್ಯೆ ಕಲಿತು ಬಂದವರು. ಇಲ್ಲಿಯ ಕಂಪನಿಗಳು ಹೆಂಗಸಿಗೆ ಆ ಕೆಲಸ ಕೊಡಲು ತಯಾರಿರಲಿಲ್ಲ. ಆದರೆ ಅವರಿಗೆ ಗೊತ್ತಿದ್ದದ್ದು ಬರೀ ಬಿಯರ್ ಅಲ್ಲ, ಹುದುಗಿಸುವ ವಿದ್ಯೆ. 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಹಾಕಿ ಬಯೋಕಾನ್ ಶುರು ಮಾಡಿದರು, ಪಪ್ಪಾಯಿಯಿಂದ ಎಂಜೈಮ್ ತೆಗೆದು ಮಾರಿದರು, ಅಲ್ಲಿಂದ ಔಷಧಿಗೆ ಬಂದರು. ನಮ್ಮ ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯರದ್ದೂ ಇಂಥದ್ದೇ ದಾರಿ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅವರ ಹೋಟೆಲೇ ಇವತ್ತಿನ ಎಂಟಿಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಕಡಿಮೆ ದರ ಕಟ್ಟಿ ಹೋಟೆಲ್ ನಡೆಸುವುದೇ ಕಷ್ಟವಾದಾಗ, ರೆಡಿಮಿಕ್ಸ್ ಪ್ಯಾಕೆಟ್ಟಿಗೆ ಇಳಿದರು. ಪಾತ್ರೆ ಬದಲಾಯಿತು, ಅಡುಗೆಯ ಕೈ ಅದೇ ಇತ್ತು.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ಹುದ್ದೆಯ ಹೆಸರು ಬರೆಯದೆ ನಿಮ್ಮ ಕಸುಬನ್ನು ಬರೆಯಿರಿ. "ಸೇಲ್ಸ್ ಎಕ್ಸಿಕ್ಯೂಟಿವ್" ಅಂತ ಬೇಡ. "ಸಿಟ್ಟಲ್ಲಿರುವ ಗಿರಾಕಿಯನ್ನು ಸಮಾಧಾನ ಮಾಡಿ ಬಾಕಿ ವಸೂಲಿ ಮಾಡುತ್ತೇನೆ" ಅಂತ ಬರೆಯಿರಿ. ಅದು ಆಸ್ಪತ್ರೆಗೂ ಬೇಕು, ಟೈಲ್ಸ್ ಅಂಗಡಿಗೂ ಬೇಕು, ಸೊಸೈಟಿಗೂ ಬೇಕು. ನನ್ನ ಮುಂದೆ ಕೂತ ಎಷ್ಟೋ ಹುಡುಗ ಹುಡುಗಿಯರಿಗೆ ತಮ್ಮ ಕೈಯಲ್ಲಿ ಕಸುಬಿದೆ ಅನ್ನುವುದೇ ಗೊತ್ತಿರುವುದಿಲ್ಲ. ಅದನ್ನು ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ.

ಕೆಲಸ ಬಿಡುವ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್ 1971ರಲ್ಲಿ ಐಸಿಐಸಿಐ ಸೇರಿದರು. 1988ರಲ್ಲಿ ಅದನ್ನು ಬಿಟ್ಟು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋದರು. 1996ರಲ್ಲಿ ಅದೇ ಐಸಿಐಸಿಐ ಅವರನ್ನು ಮುಖ್ಯಸ್ಥರನ್ನಾಗಿ ಕರೆದುಕೊಂಡಿತು. ಬಿಡುವಾಗ ಬಾಗಿಲು ಬಡಿದು ಹೊರಡಬೇಡಿ. ನೋಟಿಸ್ ಪಿರಿಯಡ್ ಪೂರ್ತಿ ಮಾಡಿ, ನಿಮ್ಮ ಜಾಗಕ್ಕೆ ಬರುವವರಿಗೆ ಎಲ್ಲ ಬರೆದಿಟ್ಟು ಬನ್ನಿ. ಬೆಂಗಳೂರಿಗೆ ಹೋಗಲೇಬೇಕಾ ಅಂತ ಕೇಳುವವರು, 1996ರಲ್ಲಿ ಉಡುಪಿಯಲ್ಲೇ ಶುರುವಾಗಿ ಹೊರದೇಶಗಳಿಗೆ ಸಾಫ್ಟ್‌ವೇರ್ ಮಾಡಿಕೊಟ್ಟ ರೋಬೊಸಾಫ್ಟ್ ಕಡೆ ನೋಡಬಹುದು.

ಇಷ್ಟೂ ಜನ ಗೆದ್ದವರು ಅನ್ನುವುದನ್ನು ಮಾತ್ರ ಮರೆಯಬೇಡಿ. ಇಷ್ಟೇ ಕಷ್ಟಪಟ್ಟು ಮುಳುಗಿದವರೂ ಇದ್ದಾರೆ, ಅವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಗೆದ್ದವರ ಬೆನ್ನಿಗೆ ಅಣ್ಣ ಇದ್ದರು, ಮನೆಯವರಿದ್ದರು, ಕಾಲ ಕೂಡಿಬಂತು. ಆ ಅದೃಷ್ಟ ನಿಮ್ಮ ಕೈಯಲ್ಲಿಲ್ಲ, ಅಭ್ಯಾಸ ಮಾತ್ರ ಕೈಯಲ್ಲಿದೆ. ಯಾರನ್ನೋ ನೋಡಿ ಇದ್ದ ಕೆಲಸ ಬಿಟ್ಟು ಸಾಲ ಮಾಡಿ ಅಂಗಡಿ ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹೆಸರಾದವರ ವಿಡಿಯೋಕ್ಕಿಂತ ನಿಮ್ಮ ಬೀದಿಯ ಯಜಮಾನರು ಜಾಸ್ತಿ ಕಲಿಸುತ್ತಾರೆ. ಹೋಟೆಲಿನವರಾದರೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಆಗ ಊಟದ ರಶ್ ಮುಗಿದಿರುತ್ತದೆ, ಸಂಜೆಯ ಗೋಳಿಬಜೆಗೆ ಎಣ್ಣೆ ಇಟ್ಟಿರುವುದಿಲ್ಲ. "ಯಶಸ್ಸಿನ ಗುಟ್ಟೇನು" ಅಂತ ಕೇಳಬೇಡಿ, ಆಗ ಅವರು ಭಾಷಣ ಮಾಡುತ್ತಾರೆ. "ಮೊದಲ ವರ್ಷ ಯಾವುದು ಕೈಕೊಟ್ಟಿತು, ಆಗ ಏನು ಮಾಡಿದಿರಿ" ಅಂತ ಕೇಳಿ. ನಾನು ಹೀಗೆ ಕೇಳಿದಾಗ ಉಡುಪಿಯ ಒಬ್ಬ ಯಜಮಾನರು ಮಾತಾಡಲೇ ಇಲ್ಲ. ಒಳಗೆ ಹೋಗಿ ದೇವರ ಫೋಟೋದ ಹಿಂದಿನಿಂದ ಒಂದು ಹಳೇ ಬಾಕಿ ಪುಸ್ತಕ ತಂದು ಮುಂದಿಟ್ಟರು. ಹಾಲಿನವರಿಗೆ ಕೊಡಬೇಕಾದ್ದು, ಸೌದೆಯವರಿಗೆ ಕೊಡಬೇಕಾದ್ದು ಸಾಲು ಸಾಲಾಗಿ ಬರೆದಿತ್ತು. ತೀರಿದ ಪ್ರತಿ ಸಾಲಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ತಾರೀಖು. ಆಮೇಲೆ ಕಾಫಿ ತರಿಸಿ, ಒಂದೊಂದೇ ಪುಟ ತಿರುವುತ್ತಾ ಒಂದೂವರೆ ಗಂಟೆ ಹೇಳಿದರು.