ಸೆಷನ್ ರೆಕಾರ್ಡಿಂಗ್: ಮೊದಲು ಅಂಕಿ, ಆಮೇಲೆ ಪ್ರಶ್ನೆ, ಕೊನೆಗೆ ಪ್ಲೇ ಬಟನ್

ಬಂದವರು ಒಂದೊಂದು ಭೇಟಿಯಲ್ಲಿ, ಅಂದರೆ ಸೆಷನ್‌ನಲ್ಲಿ, ಏನೇನು ಮಾಡಿದರೆಂದು ಮತ್ತೆ ಪ್ಲೇ ಮಾಡಿ ತೋರಿಸುವ ಸೆಷನ್ ರೆಕಾರ್ಡಿಂಗ್ ಅನ್ನು ವೆಬ್‌ಸೈಟ್‌ಗೆ ಅಳವಡಿಸಿದ ಮೊದಲ ವಾರ ತಂಡದವರೆಲ್ಲ ಕುತೂಹಲದಿಂದ ನೋಡುತ್ತಾರೆ. ಎರಡು ತಿಂಗಳಾದರೆ ಅದನ್ನು ತೆರೆಯುವವರೇ ಇರುವುದಿಲ್ಲ. ಪಟ್ಟಿಯ ಮೇಲಿನಿಂದ ಒಂದೊಂದಾಗಿ ಪ್ಲೇ ಮಾಡುತ್ತ ಹೋದರೆ ಹೀಗಾಗುವುದು ಸಹಜ. ಬಂದವರಲ್ಲಿ ಹೆಚ್ಚಿನವರು ಸ್ವಲ್ಪ ಸ್ಕ್ರೋಲ್ ಮಾಡಿ ಹೊರಟುಬಿಡುತ್ತಾರೆ, ಅಂಥ ನೂರು ಸೆಷನ್ ನೋಡಿದರೂ ಕೈಗೆ ಏನೂ ಹತ್ತುವುದಿಲ್ಲ. ಉತ್ತರ ಬೇಕಾದ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳದೆ ನಾನು ಒಂದು ರೆಕಾರ್ಡಿಂಗ್ ಕೂಡ ತೆರೆಯುವುದಿಲ್ಲ.

ಮೊದಲು ತಿಳಿದಿರಬೇಕಾದ್ದು, ಇದು ವಿಡಿಯೊ ಅಲ್ಲ. ಸೈಟ್‌ಗೆ ಸೇರಿಸಿದ ಸಣ್ಣ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ಪುಟದ ಡಾಮ್ ರಚನೆಯ (ಬ್ರೌಸರ್ ಒಳಗಿನ ಪುಟದ ಚೌಕಟ್ಟಿನ) ಒಂದು ಪ್ರತಿ ತೆಗೆದುಕೊಳ್ಳುತ್ತದೆ. ಆಮೇಲೆ ಅದರಲ್ಲಾಗುವ ಬದಲಾವಣೆ, ಕ್ಲಿಕ್, ಸ್ಕ್ರೋಲ್, ಮೌಸ್ ಚಲನೆಗಳನ್ನು ಸಮಯದೊಡನೆ ದಾಖಲಿಸುತ್ತದೆ. ನಾವು ನೋಡುವಾಗ ಪುಟವನ್ನು ಹೊಸದಾಗಿ ಕಟ್ಟಿ ತೋರಿಸಲಾಗುತ್ತದೆ. ಆದ್ದರಿಂದ ರೆಕಾರ್ಡಿಂಗ್‌ನಲ್ಲಿ ಕೆಟ್ಟದಾಗಿ ಕಂಡದ್ದೆಲ್ಲ ಗ್ರಾಹಕರಿಗೂ ಹಾಗೇ ಕಂಡಿತ್ತು ಎನ್ನಲಾಗದು. ಹೊಸ ಆವೃತ್ತಿ ಬಿಡುಗಡೆಯಾದಾಗ ಪುಟದ ಅಲಂಕಾರ ನಿರ್ಧರಿಸುವ ಹಳೆಯ ಸಿಎಸ್‌ಎಸ್ ಫೈಲ್ ಸರ್ವರ್‌ನಿಂದ ಅಳಿಸಿಹೋದರೆ, ನಿನ್ನೆಯ ಸೆಷನ್ ಇಂದು ಅಲಂಕಾರವಿಲ್ಲದ ಬರೀ ಅಕ್ಷರಗಳಾಗಿ ಕಾಣುತ್ತದೆ. ಹಳೆಯ ಫೈಲ್‌ಗಳನ್ನು ರೆಕಾರ್ಡಿಂಗ್ ಉಳಿಯುವಷ್ಟು ದಿನವಾದರೂ ಇಡಲು ಡೆವಲಪರ್‌ಗೆ ಹೇಳಿ. ಮೈಕ್ರೋಸಾಫ್ಟ್ ಕ್ಲಾರಿಟಿ ಎಂಬ ರೆಕಾರ್ಡಿಂಗ್ ಟೂಲ್‌ನಲ್ಲಿ ಸಾಮಾನ್ಯ ರೆಕಾರ್ಡಿಂಗ್ 30 ದಿನ ಇರುತ್ತದೆ. ಬೇರೆ ಡೊಮೈನ್‌ನ ಐಫ್ರೇಮ್ (ನಮ್ಮ ಪುಟದೊಳಗೆ ಕೂರಿಸಿದ ಇನ್ನೊಂದು ಸೈಟಿನ ಪುಟ) ಒಳಗೆ ನಡೆಯುವುದು ಸಾಮಾನ್ಯವಾಗಿ ದಾಖಲಾಗುವುದೇ ಇಲ್ಲ. ಕಾರ್ಡ್ ನಂಬರಿನ ಚೌಕ ಪೇಮೆಂಟ್ ಗೇಟ್‌ವೇಯ ಐಫ್ರೇಮ್‌ನಲ್ಲಿದ್ದರೆ ಅಲ್ಲಿ ಖಾಲಿ ಜಾಗವಷ್ಟೇ ಕಾಣುತ್ತದೆ. ಪಾವತಿ ಏಕೆ ಕೈಕೊಟ್ಟಿತು ಎಂಬುದಕ್ಕೆ ಗೇಟ್‌ವೇಯ ಎರರ್ ಕೋಡ್‌ಗಳನ್ನೇ ನೋಡಬೇಕು.

ಸ್ಕ್ರಿಪ್ಟ್ ಆನ್ ಮಾಡುವ ಮೊದಲೇ ಮಾಸ್ಕಿಂಗ್, ಅಂದರೆ ಖಾಸಗಿ ಮಾಹಿತಿ ಕಾಣದಂತೆ ಮುಚ್ಚುವ ಕೆಲಸ, ಮುಗಿಯಬೇಕು. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ. ಇಂಥ ಸ್ಕ್ರಿಪ್ಟ್‌ಗಳು ಜನ ಟೈಪ್ ಮಾಡಿದ ಖಾಸಗಿ ಮಾಹಿತಿಯನ್ನು, ಕೆಲವೆಡೆ ಪಾಸ್‌ವರ್ಡನ್ನೂ, ಹೊರಗೆ ಕಳಿಸುತ್ತಿದ್ದುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲೇ ತೋರಿಸಿದ್ದಾರೆ. ಮಾಹಿತಿಯನ್ನು ಮುಚ್ಚುವ ಕೆಲಸ ಗ್ರಾಹಕರ ಬ್ರೌಸರ್‌ನಲ್ಲೇ ಆಗಬೇಕು, ಸರ್ವರ್‌ಗೆ ಬಂದ ಮೇಲಲ್ಲ. ಇನ್‌ಪುಟ್ ಚೌಕಗಳನ್ನು ಹೆಚ್ಚಿನ ಟೂಲ್‌ಗಳು ತಾವಾಗಿಯೇ ಮುಚ್ಚುತ್ತವೆ. ಸೋರಿಕೆಯಾಗುವುದು ಬೇರೆ ಕಡೆ: ಆರ್ಡರ್ ಖಚಿತವಾದ ಪುಟದಲ್ಲಿ ಅಚ್ಚಾಗುವ ಹೆಸರು ಮತ್ತು ವಿಳಾಸ, ಮೇಲ್ತುದಿಯ "ನಮಸ್ಕಾರ" ಸಾಲು, ಚಾಟ್ ಕಿಟಕಿ, ಇಮೇಲ್ ವಿಳಾಸ ಸೇರಿಕೊಂಡ ಯುಆರ್‌ಎಲ್. ಪರೀಕ್ಷೆ ಸುಲಭ. ಎಲ್ಲ ಫಾರಂಗಳಲ್ಲೂ ಎದ್ದು ಕಾಣುವ ಒಂದು ಸುಳ್ಳು ಪದ ತುಂಬಿ, ಆರ್ಡರ್ ಮುಗಿಸಿ, ಆ ರೆಕಾರ್ಡಿಂಗ್‌ನಲ್ಲಿ ಆ ಪದ ಎಲ್ಲಾದರೂ ಕಾಣುತ್ತದೆಯೇ ನೋಡಿ. ಕಂಡರೆ ಆ ಭಾಗವನ್ನು ಮುಚ್ಚಿ, ಮತ್ತೆ ಪರೀಕ್ಷಿಸಿ. ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಬೇಕಾದ ಕಡೆ, ಒಪ್ಪದವರು ನಿಮ್ಮ ಮಾದರಿಯಲ್ಲಿ ಇರುವುದಿಲ್ಲ. ಆ್ಯಡ್ ಬ್ಲಾಕರ್ ಬಳಸುವವರದೂ ಅದೇ ಕತೆ. ಹಾಗಾಗಿ ರೆಕಾರ್ಡಿಂಗ್‌ಗಳನ್ನು ಎಣಿಸಿ ಶೇಕಡಾವಾರು ಹೇಳಬಾರದು.

ಪ್ರಶ್ನೆ ಹುಟ್ಟುವುದು ಫನಲ್‌ನಿಂದ, ಅಂದರೆ ಕೊಳ್ಳುವವರೆಗಿನ ಒಂದೊಂದು ಹಂತವನ್ನು ಎಷ್ಟು ಜನ ದಾಟಿದರೆಂಬ ಲೆಕ್ಕದಿಂದ. ಕಾರ್ಟ್, ವಿಳಾಸ, ಡೆಲಿವರಿ ಆಯ್ಕೆ, ಪಾವತಿ, ಆರ್ಡರ್ ಖಚಿತ ಎಂಬ ಪ್ರತಿ ಹಂತಕ್ಕೂ ಒಂದು ಈವೆಂಟ್, ಅಂದರೆ ಎಣಿಸಬಹುದಾದ ದಾಖಲೆ, ಇರಲಿ. ಆಮೇಲೆ ಅಂಕಿಗಳನ್ನು ಮೊಬೈಲ್ ಮತ್ತು ಡೆಸ್ಕ್‌ಟಾಪ್, ಹೊಸಬರು ಮತ್ತು ಹಳಬರು ಎಂದು ಬೇರ್ಪಡಿಸಿ ನೋಡುತ್ತೇನೆ. ಒಟ್ಟು ಕುಸಿತ ಹೆಚ್ಚಿರುವ ಹಂತಕ್ಕಿಂತ, ಎರಡು ಗುಂಪುಗಳ ನಡುವೆ ಅಂತರ ಹೆಚ್ಚಿರುವ ಹಂತವೇ ಹೆಚ್ಚು ಹೇಳುತ್ತದೆ. ಡೆಸ್ಕ್‌ಟಾಪ್‌ನವರು ವಿಳಾಸದ ಪುಟವನ್ನು ಸಲೀಸಾಗಿ ದಾಟುತ್ತಿದ್ದು ಮೊಬೈಲ್‌ನವರು ಅಲ್ಲೇ ನಿಲ್ಲುತ್ತಿದ್ದರೆ, ತೊಂದರೆ ಬೆಲೆಯಲ್ಲಿಲ್ಲ, ಆ ಪುಟದಲ್ಲೇ ಇದೆ ಎಂದು ಊಹಿಸಬಹುದು. ಆಗ ಪ್ರಶ್ನೆ ಹೀಗೆ ನಿಲ್ಲುತ್ತದೆ: ಮೊಬೈಲ್‌ನಲ್ಲಿ ವಿಳಾಸ ತುಂಬಲು ಶುರುಮಾಡಿದವರು ಮುಂದಿನ ಹಂತಕ್ಕೆ ಹೋಗದಿರುವುದು ಯಾವ ಚೌಕದ ಹತ್ತಿರ?

ಫಿಲ್ಟರ್ ಕೂಡ ಈ ಪ್ರಶ್ನೆಯಿಂದಲೇ ಬರುತ್ತದೆ. ಮೊಬೈಲ್, ವಿಳಾಸದ ಪುಟ ನೋಡಿದವರು, ಪಾವತಿ ಪುಟ ನೋಡದವರು, ಸೆಷನ್ ಕನಿಷ್ಠ 30 ಸೆಕೆಂಡ್. ಕಚೇರಿಯ ಐಪಿ ವಿಳಾಸಗಳನ್ನೂ ಬಾಟ್‌ಗಳನ್ನೂ ಹೊರಗಿಡಿ. ಪುಟ ರಿಲೋಡ್ ಆಗದೆ ಒಳಗೊಳಗೇ ಬದಲಾಗುವ ಸೈಟ್‌ಗಳಲ್ಲಿ ಯುಆರ್‌ಎಲ್ ಬದಲಾಗದಿದ್ದರೆ ಪುಟದ ಫಿಲ್ಟರ್ ಕೆಲಸಕ್ಕೆ ಬಾರದು. ಅಲ್ಲಿ ಪ್ರತಿ ಹಂತಕ್ಕೂ ಟ್ಯಾಗ್, ಅಂದರೆ ಸೆಷನ್‌ಗೆ ಅಂಟಿಸುವ ಹೆಸರಿನ ಗುರುತು, ಕಳಿಸಬೇಕು. ಫಾರಂ ಯಾವ ನಿಯಮಕ್ಕೆ ತಪ್ಪಿತು ಎಂಬುದನ್ನೂ ಟ್ಯಾಗ್ ಆಗಿ ಕಳಿಸಿ. ಗ್ರಾಹಕರು ತುಂಬಿದ ಮಾಹಿತಿ ಬೇಡ, ನಿಯಮದ ಹೆಸರು ಸಾಕು. ಮಾಸ್ಕಿಂಗ್ ಇರುವಾಗ ಗ್ರಾಹಕರು ಏನು ಬರೆದರೆಂದು ಕಾಣುವುದಿಲ್ಲ, ಕಾಣಲೂಬಾರದು. "ಫೋನ್ ನಂಬರ್ ಉದ್ದ ಹೊಂದಲಿಲ್ಲ" ಎಂಬ ಟ್ಯಾಗ್ ಆ ಕೊರತೆಯನ್ನು ತುಂಬುತ್ತದೆ.

ಹಂತ ದಾಟದ 25 ಸೆಷನ್, ದಾಟಿದ 15 ಸೆಷನ್ ಆರಿಸಿಕೊಳ್ಳುತ್ತೇನೆ. ದಾಟಿದವರನ್ನು ನೋಡುವುದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಅದೇ ತಡವರಿಕೆ ದಾಟಿದವರಲ್ಲೂ ಅಷ್ಟೇ ಇದ್ದರೆ ಅದು ಕಾರಣವಲ್ಲ, ಆ ಪುಟದ ಸ್ವಭಾವ. ಮೊದಲ ಐದನ್ನು ಸಾಮಾನ್ಯ ವೇಗದಲ್ಲಿ, ಏನೂ ಬರೆಯದೆ ನೋಡಿ, ಆಮೇಲೆ ಹಾಳೆಯ ಕಾಲಂಗಳನ್ನು ನಿರ್ಧರಿಸುತ್ತೇನೆ: ರೆಕಾರ್ಡಿಂಗ್ ಕೊಂಡಿ, ನಿಮಿಷ ಮತ್ತು ಸೆಕೆಂಡ್, ಯಾವ ಚೌಕ, ಏನು ಮಾಡಿದರು, ನಂತರ ಏನಾಯಿತು. ಬರೆಯುವಾಗ ಕಂಡ ಕ್ರಿಯೆಯನ್ನಷ್ಟೇ ಬರೆಯಬೇಕು. "ಗೊಂದಲವಾಯಿತು" ಎಂಬುದು ನಮ್ಮ ಊಹೆ, "ಫೋನ್ ನಂಬರನ್ನು ಮೂರು ಸಲ ಅಳಿಸಿ ಬರೆದರು" ಎಂಬುದು ದಾಖಲೆ. ವೇಗ ದುಪ್ಪಟ್ಟು ಇಟ್ಟರೆ ಅಡ್ಡಿಯಿಲ್ಲ. ಆದರೆ ನಿಷ್ಕ್ರಿಯ ಸಮಯವನ್ನು ಹಾರಿಸುವ ಆಯ್ಕೆಯನ್ನು ಫಾರಂ ಪುಟಗಳಲ್ಲಿ ಆಫ್ ಮಾಡಿ, ಅಲ್ಲಿನ ನಿಲುಗಡೆಯೇ ಸುಳಿವು. ಸತತವಾಗಿ ಏಳೆಂಟು ಸೆಷನ್‌ಗಳಲ್ಲಿ ಹಾಳೆಗೆ ಹೊಸ ಬಗೆಯ ಸಾಲು ಸೇರದಿದ್ದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಫಾರಂಗಳಲ್ಲಿ ಪದೇ ಪದೇ ಸಿಗುವ ತೊಂದರೆಗಳನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹಣ ಸೋರುವುದು ಇಲ್ಲೇ. ಗ್ರಾಹಕರು "ಮುಂದುವರಿಯಿರಿ" ಒತ್ತುತ್ತಾರೆ, ಏನೂ ಆಗುವುದಿಲ್ಲ, ಮತ್ತೆ ಒತ್ತುತ್ತಾರೆ, ಹೊರಡುತ್ತಾರೆ. ಎರರ್ ಸಂದೇಶ ಬಂದಿರುತ್ತದೆ, ಆದರೆ ಪರದೆಯ ಆಚೆ ಮೇಲ್ಭಾಗದಲ್ಲಿ. ತಪ್ಪಿರುವ ಮೊದಲ ಚೌಕಕ್ಕೆ ಪುಟ ತಾನಾಗಿ ಸರಿದು, ಸಂದೇಶ ಆ ಚೌಕದ ಕೆಳಗೇ ಬಂದರೆ ಇದು ನಿಲ್ಲುತ್ತದೆ. ಇನ್ನೊಂದು, ಅಂಕೆಗಳ ಸಂಖ್ಯೆಗೆ ಮಿತಿ ಹಾಕಿದ ಫೋನ್ ಚೌಕ. ದೇಶದ ಕೋಡ್ ಸಹಿತ ನಂಬರ್ ಪೇಸ್ಟ್ ಮಾಡಿದರೆ ಕೊನೆಯ ಅಂಕೆಗಳು ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ಮಿತಿ ತೆಗೆದು, ಜಾಗ ಮತ್ತು ಚಿಹ್ನೆಗಳನ್ನು ಸರ್ವರ್‌ನಲ್ಲಿ ಶುದ್ಧಮಾಡಿಕೊಳ್ಳುವುದು ಸರಿಯಾದ ದಾರಿ. ಒಟಿಪಿ ಹಂತದಲ್ಲಿ ಗ್ರಾಹಕರು ಮೆಸೇಜ್ ಆ್ಯಪ್‌ಗೆ ಹೋಗಿ ಬರುವಷ್ಟರಲ್ಲಿ ಕಡಿಮೆ ಮೆಮೊರಿಯ ಫೋನ್ ಪುಟವನ್ನು ರಿಲೋಡ್ ಮಾಡುತ್ತದೆ, ತುಂಬಿದ್ದೆಲ್ಲ ಖಾಲಿ. ರೆಕಾರ್ಡಿಂಗ್‌ನಲ್ಲಿ ಇದು "ಟ್ಯಾಬ್ ಮರೆಯಾಯಿತು" ಎಂಬ ಗುರುತು, ಅದರ ಹಿಂದೆಯೇ ಅದೇ ಪುಟ ಮೊದಲಿನಿಂದ ತೆರೆದುಕೊಳ್ಳುವುದಾಗಿ ಕಾಣುತ್ತದೆ. ಒಟಿಪಿ ಚೌಕಕ್ಕೆ ಆಟೊಫಿಲ್ ಗುಣ ಕೊಟ್ಟರೆ ಆಚೆ ಹೋಗುವ ಅಗತ್ಯವೇ ಕಡಿಮೆಯಾಗುತ್ತದೆ.

ಫೋನಿನ ಕೀಬೋರ್ಡ್ ರೆಕಾರ್ಡಿಂಗ್‌ನಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಪರದೆಯ ಅರ್ಧ ಭಾಗವನ್ನು ಅದೇ ಮುಚ್ಚಿರಬಹುದು. ಐಫೋನ್‌ನ ಸಫಾರಿಯಲ್ಲಿ ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಒತ್ತಿದೊಡನೆ ಪುಟ ಜೂಮ್ ಆಗುತ್ತದೆ. ರೆಕಾರ್ಡಿಂಗ್‌ನಲ್ಲಿ ಅದರ ಅರಿವೇ ಆಗದಿರಬಹುದು. ಸಂಶಯ ಬಂದ ಸೆಷನ್ ಅನ್ನು ಅದೇ ಬಗೆಯ ನಿಜವಾದ ಫೋನ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಮಾಡಿನೋಡದೆ ಡೆವಲಪರ್‌ಗೆ ದೂರು ಕೊಡಬೇಡಿ.

ರೇಜ್ ಕ್ಲಿಕ್ (ಒಂದೇ ಕಡೆ ಬೇಗ ಬೇಗ ಒತ್ತುವುದು), ಡೆಡ್ ಕ್ಲಿಕ್ (ಒತ್ತಿದರೂ ಏನೂ ಆಗದಿರುವುದು) ಗುರುತುಗಳು ಹುಡುಕಾಟಕ್ಕೆ ಒಳ್ಳೆಯ ಆರಂಭ, ತೀರ್ಪು ಅಲ್ಲ. ಪ್ರಮಾಣ ಹೆಚ್ಚಿಸುವ ಪ್ಲಸ್ ಗುಂಡಿ, ಕ್ಯಾಲೆಂಡರ್‌ನ ಮುಂದಿನ ತಿಂಗಳ ಬಾಣ, ಫೋಟೊ ಸರಿಸುವ ಬಾಣ ಇವೆಲ್ಲ ಬೇಗ ಬೇಗ ಒತ್ತುವಂಥವೇ. ಪಠ್ಯವನ್ನು ಸೆಲೆಕ್ಟ್ ಮಾಡಲು ಒತ್ತಿದ್ದೂ ಡೆಡ್ ಕ್ಲಿಕ್ ಎಂದು ದಾಖಲಾಗಬಹುದು. ಆದರೆ ಉತ್ಪನ್ನದ ಫೋಟೊ ಮೇಲೆ ಡೆಡ್ ಕ್ಲಿಕ್ ಗುಂಪಾಗಿ ಬಿದ್ದರೆ ಜನ ದೊಡ್ಡ ಚಿತ್ರ ಕೇಳುತ್ತಿದ್ದಾರೆ. ತೆರೆದ ಕೂಡಲೇ ಮುಚ್ಚಿಕೊಳ್ಳುವ ಮೆನು ಕಂಡರೆ ವೇಗ ಅಳೆಯಿರಿ: ಮೊದಲ ಒತ್ತಿಗೆ ಪುಟ ತಡವಾಗಿ ಸ್ಪಂದಿಸಿದಾಗ ಎರಡನೇ ಒತ್ತು ಅದನ್ನು ಮುಚ್ಚುತ್ತದೆ. ಗೂಗಲ್ 2024ರ ಮಾರ್ಚ್‌ನಿಂದ ತನ್ನ ಮುಖ್ಯ ಅಳತೆಗಳಲ್ಲಿ ಸೇರಿಸಿರುವ ಐಎನ್‌ಪಿಯಲ್ಲಿ (ಒತ್ತಿದ್ದಕ್ಕೆ ಪುಟ ಸ್ಪಂದಿಸಲು ಹಿಡಿಯುವ ಸಮಯದ ಅಳತೆ) 200 ಮಿಲಿಸೆಕೆಂಡ್ ಒಳಗಿನ ಸ್ಪಂದನೆ ಒಳ್ಳೆಯದು.

ಒಂದು ಸೆಷನ್ ಎಂದರೆ ಗ್ರಾಹಕರ ಇಡೀ ಪಯಣವಲ್ಲ. ಅರ್ಧ ಗಂಟೆ ಸುಮ್ಮನಿದ್ದರೆ ಅನೇಕ ಟೂಲ್‌ಗಳಲ್ಲಿ ಹೊಸ ಸೆಷನ್ ಶುರುವಾಗುತ್ತದೆ. ಬೆಳಿಗ್ಗೆ ಫೋನ್‌ನಲ್ಲಿ ನೋಡಿ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಕೊಂಡವರು ಇಬ್ಬರು ಬೇರೆ ಜನರಂತೆ ಕಾಣುತ್ತಾರೆ. ಲಾಗಿನ್ ಆದವರಿಗೆ ಹೆಸರು, ಇಮೇಲ್ ಬಿಟ್ಟು ಒಂದು ಗುಪ್ತ ಐಡಿ ಜೋಡಿಸಿದರೆ ಸೆಷನ್‌ಗಳು ಒಂದೇ ಸಾಲಿನಲ್ಲಿ ಸಿಗುತ್ತವೆ. ಕಾರ್ಟ್ ಬಿಟ್ಟುಹೋದವರನ್ನೆಲ್ಲ ಸೋಲು ಎಂದು ಎಣಿಸುವ ಮೊದಲು ಅವರಲ್ಲಿ ಮರಳಿ ಬಂದು ಕೊಂಡವರನ್ನು ತೆಗೆಯಿರಿ.

ಹಾಳೆಯಲ್ಲಿ ಸಿಕ್ಕ ತೊಂದರೆ ಎಷ್ಟು ದೊಡ್ಡದೆಂದು ಹೇಳಬೇಕಾದ್ದು ಈವೆಂಟ್ ಅಂಕಿ. 25ರಲ್ಲಿ ಒಂಬತ್ತು ಕಡೆ ಕಂಡದ್ದಕ್ಕೆ ಟ್ಯಾಗ್ ಹಾಕಿ ಒಂದು ವಾರ ಎಣಿಸಿದರೆ ನಿಜವಾದ ಪ್ರಮಾಣ ತಿಳಿಯುತ್ತದೆ. ಆದ್ಯತೆ ನಿರ್ಧರಿಸುವುದು ಅದರ ಮೇಲೆ. ಡೆವಲಪರ್‌ಗೆ ಕಳಿಸುವಾಗ ಸರಿಯಾದ ಸೆಕೆಂಡ್‌ಗೆ ತೆರೆಯುವ ಎರಡು ಮೂರು ಕೊಂಡಿ, ಬ್ರೌಸರ್ ಆವೃತ್ತಿ, ಪರದೆಯ ಅಗಲ, ಟ್ಯಾಗ್ ಸಂಖ್ಯೆ ಇಷ್ಟು ಕೊಟ್ಟರೆ ವಾದಕ್ಕೆ ಎಡೆಯಿರುವುದಿಲ್ಲ. ಏಕೆ ಬಿಟ್ಟುಹೋದರು ಎಂಬುದನ್ನು ರೆಕಾರ್ಡಿಂಗ್ ಹೇಳಲಾರದು. ಡೆಲಿವರಿ ಶುಲ್ಕ ಕಂಡೊಡನೆ ನಿಂತವರ ಮನಸ್ಸು ತಿಳಿಯಲು ಆ ಪುಟದಲ್ಲಿ ಒಂದೇ ಪ್ರಶ್ನೆಯ ಸಮೀಕ್ಷೆ ಇಡಬೇಕು, ಗ್ರಾಹಕ ಸೇವೆಗೆ ಬಂದ ಪತ್ರಗಳನ್ನು ಓದಬೇಕು.

ತಿದ್ದುಪಡಿಯನ್ನು ಸಾಧ್ಯವಾದರೆ ಎ/ಬಿ ಪರೀಕ್ಷೆಯಲ್ಲಿ (ಕೆಲವರಿಗೆ ಹಳೆಯದು, ಕೆಲವರಿಗೆ ಹೊಸದು ತೋರಿಸಿ ಹೋಲಿಸುವುದು) ಬಿಡಿ. ಅಷ್ಟು ಜನ ಬರದ ಸೈಟ್ ಆದರೆ, ರಿಯಾಯಿತಿ ಮಾರಾಟವಿಲ್ಲದ ಪೂರ್ತಿ ವಾರಗಳನ್ನೇ ಹಿಂದೆ ಮುಂದೆ ಹೋಲಿಸಿ. ಬಿಡುಗಡೆಯಾದ ಎರಡು ದಿನದೊಳಗೆ ಅದೇ ಫಿಲ್ಟರ್‌ನಲ್ಲಿ ಹತ್ತು ಹೊಸ ಸೆಷನ್ ನೋಡಿ. ಚೌಕದ ಕೆಳಗೆ ತಂದ ಎರರ್ ಸಂದೇಶವನ್ನು ಪರದೆಯ ತಳಕ್ಕೆ ಅಂಟಿಕೊಂಡಿರುವ ಬಟನ್ ಪಟ್ಟಿ ಮುಚ್ಚಿಬಿಡುವಂಥ ಹೊಸ ದೋಷ ಅಂಕಿಗಳಿಗಿಂತ ಮೊದಲು ಇಲ್ಲೇ ಕಾಣಿಸುತ್ತದೆ.