ಸೋಬಾನೆಗೆ ಕತ್ತರಿ ಹಾಕಿದ್ದು

ಪಾಂಡವಪುರದ ಕಡೆಯ ಹಳ್ಳಿಯೊಂದರಲ್ಲಿ, ಜಗುಲಿಯ ಮೇಲೆ ಕುಳಿತ ಐವರು ಹೆಂಗಸರ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಮೈಸೂರಿಗೆ ಮರಳಿದಾಗ ನನ್ನ ಬಳಿ ಎರಡು ಗಂಟೆಯ ಸದ್ದಿತ್ತು. ಅದರಲ್ಲಿ ಹಾಡು 40 ನಿಮಿಷವಿದ್ದರೆ ಹೆಚ್ಚು. ಉಳಿದದ್ದು ಕೆಮ್ಮು, ನಗು, ಮುಂದಿನ ಸೊಲ್ಲು ಯಾವುದೆಂಬ ಜಗಳ, ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್. ನಾನು ಮುದ್ರಿಸಿಕೊಂಡ ಗುಣಮಟ್ಟ, ಅಂದರೆ 48 ಕಿಲೋಹರ್ಟ್ಜ್, 24 ಬಿಟ್, ಸ್ಟೀರಿಯೊ ಎಂದರೆ ನಿಮಿಷಕ್ಕೆ ಸುಮಾರು 17 ಎಂಬಿ. ಒಟ್ಟು ಎರಡು ಜಿಬಿ.

ಧ್ವನಿಯನ್ನು ಕತ್ತರಿಸಿ ಜೋಡಿಸಲು ನಾನು ಬಳಸುವುದು ರೀಪರ್ ಎಂಬ ತಂತ್ರಾಂಶ. ಹೊಸ ಪ್ರಾಜೆಕ್ಟ್ ತೆರೆದರೆ ಅದು ತಾನಾಗಿಯೇ ನಿಮಿಷಕ್ಕೆ 120 ತಾಳದ ಗೆರೆಗಳನ್ನು ಹಾಸಿಬಿಡುತ್ತದೆ. ಕ್ಲಿಪ್ಪನ್ನು ಸರಿಸಿದಾಗಲೆಲ್ಲ ಅದು ಆ ಗೆರೆಗೇ ಹೋಗಿ ಅಂಟಿಕೊಳ್ಳುತ್ತಿತ್ತು. ಜಗುಲಿಯ ಹಾಡಿಗೆ ತಾಳ ಎಣಿಸುವ ಮೆಟ್ರೋನೋಮಿನ ಹಂಗಿಲ್ಲ. ಹೀಗೆ ಅಂಟಿಸುವ ಸ್ನ್ಯಾಪ್ ಸೌಲಭ್ಯವನ್ನು ಆಫ್ ಮಾಡಬಹುದೆಂದು ತಿಳಿಯುವಷ್ಟರಲ್ಲಿ ಒಂದು ಸಂಜೆ ಕಳೆದುಹೋಗಿತ್ತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಸಾಲುಗಳ ನಡುವಿನ ಉಸಿರನ್ನೆಲ್ಲ ಕಸವೆಂದು ಕತ್ತರಿಸಿ ಎಸೆದೆ. ಪರದೆಯ ಮೇಲೆ ಧ್ವನಿಯ ಅಲೆಯ ಚಿತ್ರ ನೋಡಲು ಚೊಕ್ಕಟವಾಗಿತ್ತು. ಮೊಬೈಲಿಗೆ ಹಾಕಿಕೊಂಡು ಹೋಗಿ ಸೊಲ್ಲೆತ್ತುವ ಅಜ್ಜಿಗೆ ಕೇಳಿಸಿದರೆ, ಅವರು ಕಿವಿಯಿಂದ ಮೊಬೈಲ್ ತೆಗೆದು ನನ್ನ ಮುಖ ನೋಡಿದರು: “ಇದು ನಾನಲ್ಲ ಕಣಪ್ಪ. ಉಸಿರು ತೆಗೆದುಕೊಳ್ಳದೆ ಯಾರು ಹಾಡುತ್ತಾರೆ?”

ಅಂದಿನಿಂದ ಉಸಿರು ಮುಂದಿನ ಸಾಲಿನ ಆಸ್ತಿ. ಕತ್ತರಿ ಬೀಳುವುದು ಉಸಿರಿಗೆ ಮುಂಚೆ. ಆದರೆ ಸೋಬಾನೆಯಲ್ಲಿ ಅಜ್ಜಿಯ ಸಾಲು ಮುಗಿಯುವ ಮೊದಲೇ ಉಳಿದ ನಾಲ್ವರು ದನಿಗೂಡಿಸಿಬಿಡುತ್ತಾರೆ. ಅಲ್ಲಿ ಕತ್ತರಿಸಲು ಸಂದೇ ಇಲ್ಲ. ಆಗ ನನಗೆ ನೆರವಾದದ್ದು ನಮ್ಮ ಒತ್ತಕ್ಷರ. ‘ಅಕ್ಕ’, ‘ಹೊತ್ತು’ ಎನ್ನುವಾಗ ಗಂಟಲೋ ನಾಲಿಗೆಯೋ ಒಂದು ಕ್ಷಣ ಗಾಳಿಯನ್ನು ತಡೆದು ಹಿಡಿಯುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅಲೆ ಕುಸಿದು ಸಣ್ಣ ಬಯಲು ಕಾಣುತ್ತದೆ. ಐವರೂ ಒಟ್ಟಿಗೆ ‘ಅಕ್ಕ’ ಎಂದಿದ್ದರೆ ಆ ಬಯಲಿನಲ್ಲಿ ‘ಎಸ್’ ಕೀಲಿ ಒತ್ತಿ ಸೀಳುತ್ತೇನೆ, ಇನ್ನೊಮ್ಮೆ ಹಾಡಿದ ಅದೇ ಸಾಲನ್ನು ಅಲ್ಲಿಂದ ಜೋಡಿಸುತ್ತೇನೆ. ‘ಅಮ್ಮ’ನಲ್ಲಿ ಇದು ನಡೆಯದು, ಮಕಾರ ಮೂಗಿನಲ್ಲಿ ಗುನುಗುತ್ತಲೇ ಇರುತ್ತದೆ.

ಅಲೆಯ ಏರಿನಲ್ಲಿ ಕತ್ತರಿಸಿದರೆ ‘ಟಕ್’ ಎನ್ನುತ್ತದೆ. ಹಾಗಾಗಿ ಎರಡು ತುಣುಕುಗಳನ್ನು 10 ಮಿಲಿಸೆಕೆಂಡಿನಷ್ಟು ಒಂದರ ಮೇಲೊಂದು ಹತ್ತಿಸಿ, ಮೊದಲಿನದು ತಗ್ಗುತ್ತಿದ್ದಂತೆ ಮುಂದಿನದು ಏರುವ ಹಾಗೆ ಕ್ರಾಸ್‌ಫೇಡ್ ಮಾಡುತ್ತೇನೆ. ನಮ್ಮ ಬೀದಿಯಲ್ಲಿ ರೇಡಿಯೊದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಇದನ್ನು ಪರದೆಯ ಮೇಲೆ ತೋರಿಸಿದಾಗ ನಕ್ಕರು. ಅವರ ಕಾಲದಲ್ಲಿ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದರಂತೆ. ಓರೆ ಕೊಯ್ದರೆ ಒಂದು ದನಿ ಇಳಿಯುತ್ತಾ ಇನ್ನೊಂದು ಏರುತ್ತದೆ. ಕೆಲಸ ಅದೇ, ಬ್ಲೇಡ್ ಮಾತ್ರ ಇಲ್ಲ.

ಟ್ರ್ಯಾಕ್ಟರ್ ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಕಿವಿ ಹಳ್ಳಕ್ಕೆ ಬಿದ್ದಂತಾಗುತ್ತದೆ. ಯಾರೂ ಹಾಡದಿದ್ದಾಗಿನ ಅರ್ಧ ನಿಮಿಷದ ಜಗುಲಿ, ಅಂದರೆ ಗಾಳಿ ಮತ್ತು ಜೀರುಂಡೆ, ನನ್ನ ಬಳಿ ಇತ್ತು. ತೇಪೆಗೆ ಅದೇ ಬಟ್ಟೆ.

ಕಡತಗಳ ವಿಷಯದಲ್ಲಿ ಪೆಟ್ಟು ತಿಂದೇ ಕಲಿತೆ. ‘ಹೊಸದು’, ‘ಹೊಸದು 2’, ‘ಕೊನೆಯದು’ ಎಂದಿದ್ದ ಫೋಲ್ಡರುಗಳನ್ನು ಒಂದು ಭಾನುವಾರ ಅಚ್ಚುಕಟ್ಟು ಮಾಡಲು ಹೋಗಿ ಹೆಸರು ಬದಲಿಸಿದೆ. ಪ್ರಾಜೆಕ್ಟ್ ತೆರೆದರೆ ಕ್ಲಿಪ್ಪುಗಳೆಲ್ಲ ಖಾಲಿ ಡಬ್ಬಿಗಳು. ಪ್ರಾಜೆಕ್ಟಿನೊಳಗೆ ಇರುವುದು ಧ್ವನಿಯಲ್ಲ, ಧ್ವನಿ ಎಲ್ಲಿದೆ ಎಂಬ ವಿಳಾಸ. ಈಗ ಎಲ್ಲ ಧ್ವನಿಯನ್ನೂ ಪ್ರಾಜೆಕ್ಟಿನ ಫೋಲ್ಡರಿಗೇ ನಕಲಿಸಿಕೊಂಡು, ಹಾಡಿನ ಮೊದಲ ಪದ ಮತ್ತು ಎಷ್ಟನೆಯ ಸಲ ಹಾಡಿದ್ದು ಎಂಬುದನ್ನೇ ಹೆಸರಾಗಿಡುತ್ತೇನೆ.

ಎರಡನೆಯ ಸಲ ಕೇಳಿಸಿದಾಗ ಅಜ್ಜಿ ಒಪ್ಪಿದರು. ಆಮೇಲೆ ಕೇಳಿದರು: “ಎಲ್ಲಾ ಸರಿ, ನಮ್ಮ ನಗುವೆಲ್ಲಿ?” ರೀಪರಿನಲ್ಲಿ ಕತ್ತರಿಸಿದರೂ ಮೂಲ ಕಡತಕ್ಕೆ ಏನೂ ಆಗಿರುವುದಿಲ್ಲ. ಮನೆಗೆ ಬಂದು ಕೊನೆಯ ಕ್ಲಿಪ್ಪಿನ ಅಂಚು ಹಿಡಿದು ಬಲಕ್ಕೆಳೆದೆ. ಐವರ ನಗು ಇದ್ದಲ್ಲೇ ಇತ್ತು. ಜೊತೆಗೆ ಟ್ರ್ಯಾಕ್ಟರೂ ಬಂತು. ಇರಲಿ ಎಂದು ಬಿಟ್ಟೆ.