ಒಣಗಿದ ಹೂಗಿಡ ಕೀಳುವ ಮುನ್ನ ಬುಡ ನೋಡಿ

ಹೂವು ಮುಗಿದು ಎಲೆ ಒಣಗಿದ ಕೂಡಲೇ ಗಿಡ ಸತ್ತಿತು ಅಂತ ಕಿತ್ತೆಸೆಯುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ಗಿಡ ಈಗ ಜೀವ ಎಲ್ಲಿ ಇಟ್ಟುಕೊಂಡಿದೆ ಅಂತ ಹುಡುಕಿ. ಅದು ಒಂದೇ ವರ್ಷದ್ದೋ, ಎರಡು ವರ್ಷದ್ದೋ, ಹಲವು ವರ್ಷ ಬದುಕುವ ಗುಂಪಿನದೋ ಅಂತ ಗೊತ್ತಾಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಬಿತ್ತಿದ್ದು, ಮೊದಲ ಹೂವು ಬಿಟ್ಟಿದ್ದು, ಒಣಗಿದ್ದು, ಈ ಮೂರು ತಾರೀಕು ಸಾಕು. ಬೀಜದ ಪ್ಯಾಕೆಟ್ ಮೇಲಿನ ಮಾತನ್ನೇ ನಂಬಿ ಕೂರಬೇಡಿ. ನಿತ್ಯಪುಷ್ಪ ಹಿಮ ಬೀಳುವ ದೇಶಗಳಲ್ಲಿ ಒಂದೇ ವರ್ಷದ ಗಿಡ. ನಮ್ಮ ಕಾಂಪೌಂಡಿನಲ್ಲಿ ವರ್ಷಗಟ್ಟಲೆ ಹೂವು ಬಿಡುತ್ತದೆ.

ಆಮೇಲೆ ಬೀಜ ನೋಡಿ. ಕರ್ಣಕುಂಡಲದ ಬಲಿತ ಕಾಯಿಗೆ ಬೆರಳು ತಾಗಿದರೆ ಪಟ್ ಅಂತ ಸಿಡಿಯುತ್ತದೆ. ಬೀಜ ಚೆಲ್ಲಿ, ಸಿಪ್ಪೆ ಸುರುಳಿ ಸುತ್ತಿಕೊಳ್ಳುತ್ತದೆ. ಅಲ್ಲಿಗೆ ಗಿಡದ ಕೆಲಸ ಮುಗಿಯಿತು. ಚೆಂಡುಹೂವು, ಜೀನಿಯಾದ ಬೀಜ ಸಿಡಿಯುವುದಿಲ್ಲ, ಆದರೆ ಬೀಜ ಬಲಿತ ಮೇಲೆ ಅವುಗಳ ಕೆಲಸವೂ ಮುಗಿಯುತ್ತದೆ. ಇವು ಏಕವಾರ್ಷಿಕ. ಬೀಜ ಎತ್ತಿಟ್ಟು ಗಿಡ ಕೀಳಬಹುದು.

ದ್ವೈವಾರ್ಷಿಕ ಗಿಡಗಳು ಮೊದಲ ವರ್ಷ ಬರೀ ಎಲೆ ಬಿಡುತ್ತವೆ, ಮರುವರ್ಷ ಹೂವು ಬಿಟ್ಟು ಸಾಯುತ್ತವೆ. ಹೆಚ್ಚಿನವಕ್ಕೆ ನಡುವೆ ಚಳಿ ಬೇಕು, ಹಾಗಾಗಿ ನಮ್ಮ ಬಯಲುಸೀಮೆಯ ತೋಟಗಳಲ್ಲಿ ಅಪರೂಪ. ಕ್ಯಾರೆಟ್ ಇದೇ ಗುಂಪಿನದು. ಮರುವರ್ಷದ ಹೂವಿಗೆ ಅಂತ ಅದು ಕೂಡಿಟ್ಟ ಗಂಟನ್ನೇ ನಾವು ತಿನ್ನುತ್ತೇವೆ.

ಇನ್ನು ಬಹುವಾರ್ಷಿಕ, ಅಂದರೆ ಹಲವು ವರ್ಷ ಬದುಕುವ ಗಿಡಗಳು. ಕಾಂಡವನ್ನು ಉಗುರಿನಿಂದ ಕೆರೆಯಿರಿ. ದಾಸವಾಳ, ಮಲ್ಲಿಗೆಯಲ್ಲಿ ಒಳಗೆ ಹಸಿರು ಕಾಣುತ್ತದೆ, ಸವರಿದರೆ ಮತ್ತೆ ಚಿಗುರುತ್ತವೆ. ಕಾಂಡವೂ ಒಣಗಿದ್ದರೆ ಬುಡದ ಮಣ್ಣು ಮೆಲ್ಲಗೆ ಕೆದಕಿ. ಒಂದು ವರ್ಷ ನಾನು ಸೇವಂತಿಗೆ ಕಿತ್ತು ಎಸೆದೆ. ಬೇರಿನ ಪಕ್ಕದಲ್ಲೇ ನಾಲ್ಕು ಎಳೆ ಮರಿಗಳಿದ್ದವು. ಆ ಬೇಜಾರು ಈಗಲೂ ಇದೆ. ಗಿಡವನ್ನು ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸಿದ್ದರೆ ಸಾಕಿತ್ತು.

ಮಲೆನಾಡಿನವರ ಡೇರೆ ಹೂವಿನ (ಡೇಲಿಯಾ) ಗಿಡವಂತೂ ಮೇಲೆ ಪೂರ್ತಿ ಒಣಗಿ, ಮಣ್ಣೊಳಗೆ ಗೆಡ್ಡೆಯಾಗಿ ಮಲಗುತ್ತದೆ. ಗೆಡ್ಡೆಗಳನ್ನು ಅಗೆದು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿಡಿ. ಬಿಡಿಸುವಾಗ ಪ್ರತಿ ಗೆಡ್ಡೆಗೂ ಹಳೆ ಕಾಂಡದ ಬುಡದ ಚೂರು ಅಂಟಿರಲಿ. ಮೊಳಕೆಯ ಕಣ್ಣು ಇರುವುದು ಅಲ್ಲೇ. ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಆ ಚೂರು ಇಲ್ಲದಿದ್ದರೆ ಮಳೆಗಾಲಕ್ಕೆ ಚಿಗುರುವುದಿಲ್ಲ.